ಶಹೀದ್ ದ್ವೀಪದ ಕಡಲಂಚಿನಲ್ಲಿ ಒಂದು ದಿನದ ಒಂಟಿ ನಡಿಗೆ: ಹೇಗೆ ಯೋಜಿಸಬೇಕು?

ವಿದ್ಯಾನಗರದ ನಡಿಗೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಯ ವಾರದಲ್ಲಿ ನಮ್ಮ ಕುಟುಂಬ ಎಲ್‌ಎಫ್‌ಸಿ, ಅಂದರೆ ನೌಕರಿಯಲ್ಲಿ ಸಿಗುವ ರಜಾ ಪ್ರಯಾಣ ರಿಯಾಯಿತಿಯ ಮೇಲೆ ಅಂಡಮಾನಿಗೆ ಹೊರಟಿದೆ. ಅದರಲ್ಲಿ ಎರಡು ರಾತ್ರಿ ಶಹೀದ್ ದ್ವೀಪದಲ್ಲಿ, ಅಂದರೆ 2018ರವರೆಗೆ ನೀಲ್ ದ್ವೀಪ ಎಂಬ ಹೆಸರಿದ್ದ ಕಡೆ, ತಂಗಲಿದ್ದೇವೆ. ಮಗನಿಗೆ ಸ್ಕೂಬಾ ಹುಚ್ಚು, ನಮ್ಮ ಮನೆಯವರಿಗೆ ಮಂಡಿನೋವು. ಹೀಗಾಗಿ ನಡುವಿನ ಒಂದು ಇಡೀ ದಿನ ನನ್ನ ಪಾಲಿಗೆ ಉಳಿಯುತ್ತದೆ. ಆ ದಿನ ಒಬ್ಬಳೇ ಬುತ್ತಿ ಕಟ್ಟಿಕೊಂಡು ದ್ವೀಪದ ಅಂಚು ಹಿಡಿದು ನಡೆಯಬೇಕೆಂಬುದು ನನ್ನ ಆಸೆ.

ನಡಿಗೆ ನನಗೆ ಹೊಸದೇನಲ್ಲ. ವಯಸ್ಸು ಐವತ್ತರ ಹತ್ತಿರಕ್ಕೆ ಬಂದಿದ್ದರೂ ಚಿತ್ರದುರ್ಗದ ಕೋಟೆಯ ಮೇಲಿನ ಬತೇರಿಗಳವರೆಗೆ, ಚಂದ್ರವಳ್ಳಿಯ ಕಡೆಗೆ, ಬಿಡುವಿದ್ದ ಭಾನುವಾರಗಳಲ್ಲಿ ಜೋಗಿಮಟ್ಟಿಗೆ ಹತ್ತಿಳಿಯುವ ಅಭ್ಯಾಸ ಇಟ್ಟುಕೊಂಡಿದ್ದೇನೆ. ಆದರೆ ಇವೆಲ್ಲ ಒಣನೆಲದ ದಾರಿಗಳು. ಬೆಳಿಗ್ಗೆ ಹೋದ ಹಾದಿ ಸಂಜೆ ಹಿಂತಿರುಗುವಾಗಲೂ ಅಲ್ಲಿಯೇ ಇರುತ್ತದೆ ಎಂಬ ಭರವಸೆಯ ಮೇಲೆ ನಡೆಯುವವಳು ನಾನು. ಕಡಲಂಚಿನಲ್ಲಿ ಆ ಭರವಸೆ ಇರುವುದಿಲ್ಲವೆಂದು ಕೇಳಿದ್ದೇನೆ. ದ್ವೀಪ ಎಂದರೆ ನಾನು ಕಂಡಿರುವುದು ಮಲ್ಪೆಯ ಸೇಂಟ್ ಮೇರೀಸ್ ಮಾತ್ರ. ಅಲ್ಲಿ ನಡಿಗೆ ಎನ್ನುವಷ್ಟು ನಡೆಯುವ ಮೊದಲೇ ದ್ವೀಪ ಮುಗಿದುಹೋಗುತ್ತದೆ.

ನಕ್ಷೆಯಲ್ಲಿ ನೋಡಿದರೆ ಶಹೀದ್ ದ್ವೀಪದ ಉದ್ದ ಸುಮಾರು 5 ಕಿಲೋಮೀಟರ್ ಮಾತ್ರ. ಭರತಪುರದ ಜೆಟ್ಟಿಯಿಂದ ಹೊರಟು, ಪೂರ್ವದ ತುದಿಯ ಸೀತಾಪುರವನ್ನು ಮುಟ್ಟಿ, ದಕ್ಷಿಣದ ಅಂಚಿನಲ್ಲೇ ನಡೆದು, ಸಂಜೆಗೆ ಪಶ್ಚಿಮದ ಲಕ್ಷ್ಮಣಪುರ ಸೇರಿ ಸೂರ್ಯಾಸ್ತ ನೋಡುವುದು ಸದ್ಯದ ಲೆಕ್ಕಾಚಾರ. ಇದು ಒಂದು ದಿನದಲ್ಲಿ ಆಗುವ ಮಾತೇ? ಉಬ್ಬರ ಇಳಿತಗಳನ್ನು ಮೊದಲೇ ತಿಳಿಯುವುದು ಹೇಗೆ? ಒಬ್ಬಳೇ ನಡೆಯುವುದು ಸರಿಯೇ? ನಡೆದು ಬಂದವರು ದಯವಿಟ್ಟು ವಿವರವಾಗಿ ತಿಳಿಸಬೇಕು.


ಬಾತಿ ಕೆರೆ, ದಾವಣಗೆರೆ

ಮೇಡಂ, ಐದು ಕಿಲೋಮೀಟರ್ ಉದ್ದದ ದ್ವೀಪ ಎಂಬ ಲೆಕ್ಕವನ್ನು ದಯವಿಟ್ಟು ಪಕ್ಕಕ್ಕಿಡಿ. ಅಂಡಮಾನಿನ ಕಡಲಂಚಿನಲ್ಲಿ ನಿಮ್ಮ ದಿನವನ್ನು ನಿರ್ಧರಿಸುವವು ಎರಡೇ ಎರಡು ಸಂಗತಿಗಳು. ನೀರು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದು ಒಂದು, ಸೂರ್ಯ ಎಷ್ಟು ಬೇಗ ಮುಳುಗುತ್ತಾನೆ ಎಂಬುದು ಇನ್ನೊಂದು. ದೂರ ಮೂರನೆಯ ಮಾತು.

ಸೂರ್ಯನ ವಿಷಯವನ್ನು ಮೊದಲು ಮುಗಿಸಿಬಿಡುತ್ತೇನೆ. ಅಂಡಮಾನ್ ನಮ್ಮ ದಾವಣಗೆರೆಗಿಂತ ಸುಮಾರು 17 ಡಿಗ್ರಿ ರೇಖಾಂಶದಷ್ಟು ಪೂರ್ವಕ್ಕಿದ್ದರೂ ಗಡಿಯಾರ ಮಾತ್ರ ಇಬ್ಬರಿಗೂ ಒಂದೇ. ಆದ್ದರಿಂದ ಅಲ್ಲಿ ಬೆಳಕು ನಮಗಿಂತ ಒಂದು ಗಂಟೆಗೂ ಹೆಚ್ಚು ಮೊದಲು ಬರುತ್ತದೆ, ಅಷ್ಟೇ ಮೊದಲು ಹೋಗುತ್ತದೆ. ಜನವರಿಯ ಕೊನೆಯಲ್ಲಿ ಸಂಜೆ 5:20ರ ಆಸುಪಾಸಿನಲ್ಲಿ ಸೂರ್ಯ ಮುಳುಗುತ್ತಾನೆ, ಆರು ಗಂಟೆಗೆಲ್ಲ ಗಾಢ ಕತ್ತಲು. ಇಲ್ಲಿ ನಾವು ಸಂಜೆಯ ಚಹಾಕ್ಕೆ ಏಳುವ ಹೊತ್ತಿಗೆ ಅಲ್ಲಿ ದಡ ಬಿಟ್ಟು ರಸ್ತೆಗೆ ಬಂದಿರಬೇಕು. ಬೆಳಿಗ್ಗೆ ಆರಕ್ಕೆ ಮೊದಲೇ ಬೆಳಕಾಗಿರುತ್ತದೆ. ರಜೆಯ ದಿನವೆಂದು ಏಳೂವರೆಗೆ ಎದ್ದು ಒಂಬತ್ತಕ್ಕೆ ಹೊರಟರೆ ಹಗಲಿನ ಒಳ್ಳೆಯ ಭಾಗವನ್ನೇ ಕಳೆದುಕೊಂಡಂತೆ.

ಇನ್ನು ನೀರಿನ ಮಾತು. ಅಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಇಳಿತದಿಂದ ಮುಂದಿನ ಇಳಿತಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ ಹೊತ್ತು ದಿನಕ್ಕೆ ಐವತ್ತು ನಿಮಿಷದಷ್ಟು ಮುಂದೆ ಸರಿಯುತ್ತ ಹೋಗುತ್ತದೆ. ಇಂದು ಬೆಳಿಗ್ಗೆ 9ಕ್ಕೆ ಇಳಿತವಿದ್ದರೆ ನಾಳೆ 9:50ರ ಹತ್ತಿರ, ನಾಡಿದ್ದು 10:40ರ ಹತ್ತಿರ ಎಂದಿಟ್ಟುಕೊಳ್ಳಬಹುದು. ಹೋಟೆಲಿನವರು ಹಿಂದಿನ ವಾರ ಬಂದವರಿಗೆ ಹೇಳಿದ ಸಮಯ ನಿಮಗೆ ಉಪಯೋಗಕ್ಕೆ ಬಾರದು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಎಂದರೆ ಇನ್‌ಕಾಯ್ಸ್, ತನ್ನ ಜಾಲತಾಣದಲ್ಲಿ ಉಬ್ಬರವಿಳಿತದ ಮುನ್ಸೂಚನೆಯನ್ನೂ ಎತ್ತರದ ಅಲೆಗಳ ಎಚ್ಚರಿಕೆಯನ್ನೂ ಕೊಡುತ್ತದೆ. ಹೊರಡುವ ಹಿಂದಿನ ಸಂಜೆ ಎರಡನ್ನೂ ನೋಡಿ, ಸಮಯವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.

ಗೋಡೆಯ ಕ್ಯಾಲೆಂಡರಿನಲ್ಲಿರುವ ತಿಥಿಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡಿಬರುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಅಂಡಮಾನಿನಲ್ಲಿ ಆಗ ಏರಿಳಿತದ ಅಂತರ ಸುಮಾರು ಎರಡು ಮೀಟರ್. ಅಷ್ಟಮಿಯ ಹತ್ತಿರ ಈ ಅಂತರ ತೀರಾ ಕಡಿಮೆ. ಎರಡು ಮೀಟರ್ ಎಂದರೆ ಏನು ಮಹಾ ಎನ್ನಿಸಬಹುದು. ಆದರೆ ಲಕ್ಷ್ಮಣಪುರದ ನೈಸರ್ಗಿಕ ಕಲ್ಲಿನ ಕಮಾನಿನ ಮುಂದೆ ಹವಳದ ಹಾಸು ಬಹುತೇಕ ಸಮತಟ್ಟಾಗಿದೆ. ಅಂಥ ನೆಲದಲ್ಲಿ ಎರಡು ಮೀಟರ್ ನೀರು ಇಳಿದರೆ ದಡದಿಂದ ಬಹುದೂರದವರೆಗೆ ಕಲ್ಲು ಹೊರಗೆ ಬೀಳುತ್ತದೆ, ಏರಿದರೆ ಅಷ್ಟೂ ನೆಲ ಮುಚ್ಚಿಹೋಗುತ್ತದೆ.

ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ಮುಖ್ಯವಾಗಿ ನೆನಪಿಡಬೇಕು. ಇಳಿತದಿಂದ ಉಬ್ಬರದವರೆಗಿನ ಆರು ಗಂಟೆಗಳನ್ನು ತೆಗೆದುಕೊಂಡರೆ, ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡನೆಯ ಒಂದು ಪಾಲು ಮಾತ್ರ ಬರುತ್ತದೆ, ಎರಡನೆಯ ಗಂಟೆಯಲ್ಲಿ ಎರಡು ಪಾಲು, ಮೂರನೆಯ ಹಾಗೂ ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು. ಇದು ನಾವಿಕರ ಸ್ಥೂಲ ಲೆಕ್ಕ. ಇಳಿತ ಮುಗಿದ ಮೇಲೂ ಒಂದು ಗಂಟೆ ಏನೂ ಆಗದಂತೆ ಕಾಣುವ ಕಡಲು, ಆಮೇಲಿನ ಎರಡು ಮೂರು ಗಂಟೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನೀರನ್ನು ತಂದು ಸುರಿಯುತ್ತದೆ. ಆದ್ದರಿಂದ ಇಳಿತಕ್ಕೆ ಎರಡು ಗಂಟೆ ಮೊದಲು ಇಳಿಯುವ ನೀರಿನ ಹಿಂದೆಯೇ ಹೊರಡಿ. ಪಟ್ಟಿಯಲ್ಲಿರುವ ಇಳಿತದ ಹೊತ್ತಿಗೆ ದಡದಿಂದ ಅತಿ ದೂರದ ಜಾಗದಲ್ಲಿರಿ. ಅಲ್ಲಿಂದ ಮುಂದೆ ಹೋಗದೆ ಹಿಂತಿರುಗಿಬಿಡಿ.

ದ್ವೀಪವನ್ನು ಅಂಚಿನಲ್ಲೇ ಪೂರ್ತಿ ಸುತ್ತುವ ಆಲೋಚನೆಯನ್ನು ನಾನು ಒಪ್ಪುವುದಿಲ್ಲ. ಮರಳಿನ ದಡಗಳ ನಡುವೆ ಬಂಡೆ, ಪೊದೆ, ನೀರಿಗೆ ಅಂಟಿಕೊಂಡ ಕಾಡು ಸಿಗುತ್ತವೆ, ಅಲ್ಲಿ ಅಂಚೆಂಬುದೇ ಇರುವುದಿಲ್ಲ. ದಡಗಳಲ್ಲಿ ಮನದಣಿಯೆ ನಡೆದು, ಒಂದು ದಡದಿಂದ ಇನ್ನೊಂದಕ್ಕೆ ಒಳರಸ್ತೆಯಲ್ಲಿ ಹೋಗುವುದು ಒಳ್ಳೆಯದು. ಆ ರಸ್ತೆಯೂ ಬೇಸರದ್ದಲ್ಲ. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಭತ್ತದ ಗದ್ದೆ, ತರಕಾರಿ ತೋಟ, ತೆಂಗು, ಅಡಿಕೆಗಳ ನಡುವೆ ಅದು ಸಾಗುತ್ತದೆ. ಅಡಿಕೆ ಮರ ಕಂಡೊಡನೆ ಚನ್ನಗಿರಿ ಕಡೆಯವರು ನಿಂತು ಗೊನೆ ಎಣಿಸತೊಡಗುತ್ತಾರೆ, ಅದಕ್ಕೂ ಸ್ವಲ್ಪ ಸಮಯ ಇಟ್ಟುಕೊಳ್ಳಿ.


ತುಪ್ಪದ ಕೊಳ, ಚಿತ್ರದುರ್ಗ

ಮೇಲಿನವರು ನೀರಿನ ಲೆಕ್ಕವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಆದರೆ ಒಬ್ಬರೇ ಹೋಗುವುದು ಸರಿಯೇ ಎಂಬ ಪ್ರಶ್ನೆಗೆ ಅವರು ಉತ್ತರಿಸಿಲ್ಲ. ನನ್ನ ಅಭಿಪ್ರಾಯ ನಿಮಗೆ ರುಚಿಸದಿರಬಹುದು ಮೇಡಂ, ಆದರೂ ಹೇಳುತ್ತೇನೆ.

ಒಳರಸ್ತೆಯಲ್ಲಿ, ಜನರಿರುವ ಮರಳುದಡದಲ್ಲಿ ನೀವು ಧಾರಾಳವಾಗಿ ಒಬ್ಬರೇ ನಡೆಯಬಹುದು. ಹವಳದ ಕಲ್ಲಿನ ಮೇಲೆ ಮಾತ್ರ ಒಬ್ಬರೇ ಇಳಿಯಬೇಡಿ. ಇದು ಹೆಣ್ಣು ಗಂಡಿನ ಮಾತಲ್ಲ, ಧೈರ್ಯದ ಮಾತೂ ಅಲ್ಲ. ಕೋಟೆಯ ಮೆಟ್ಟಿಲಲ್ಲಿ ಪಾದ ಹೊರಳಿದರೆ ಕುಳಿತುಕೊಂಡು ಯಾರಾದರೂ ಬರುವವರೆಗೆ ಕಾಯಬಹುದು. ಹವಳದ ಹಾಸಿನ ನಡುವೆ ಪಾದ ಹೊರಳಿದರೆ ಕಾಯಲು ನೀರು ಬಿಡುವುದಿಲ್ಲ. ಕಲ್ಲಿನ ಕಮಾನಿನ ಬಳಿ ಸ್ಥಳೀಯ ಮಾರ್ಗದರ್ಶಕರು ಸಿಗುತ್ತಾರೆ. ಒಂದು ಗಂಟೆಯ ಮಟ್ಟಿಗೆ ಅವರನ್ನು ಕರೆದುಕೊಂಡರೆ ಎಲ್ಲಿ ಕಾಲಿಡಬೇಕೆಂಬುದನ್ನೂ ತೋರಿಸುತ್ತಾರೆ, ನೀವೊಬ್ಬರೇ ಹೋದರೆ ಕಣ್ಣಿಗೆ ಬೀಳದ ಜೀವಿಗಳನ್ನೂ ತೋರಿಸುತ್ತಾರೆ.

ಇನ್ನೊಂದು ಮಾತು ಮೊಸಳೆಯದ್ದು. ಅಂಡಮಾನಿನ ಮ್ಯಾಂಗ್ರೋವ್ ಹಿನ್ನೀರುಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ, ಅವು ಕಡಲಿನಲ್ಲೂ ಈಜುತ್ತವೆ. 2010ರಲ್ಲಿ ಪಕ್ಕದ ಹ್ಯಾವ್ಲಾಕ್ ದ್ವೀಪದಲ್ಲಿ ನೀರಿಗಿಳಿದಿದ್ದ ವಿದೇಶಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ಎಚ್ಚರಿಕೆಯ ಫಲಕವಿರುವ ಕಡೆ, ತೊರೆ ಬಂದು ಕಡಲು ಸೇರುವ ಕಡೆ, ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ ಮೊಣಕಾಲುದ್ದದ ನೀರಿಗೂ ಇಳಿಯದಿರುವುದು ಕ್ಷೇಮ.


ಮರಡಿಹಳ್ಳಿ ಕಲ್ಲು, ಹಿರಿಯೂರು

ನಾನು ಭೂವಿಜ್ಞಾನ ಪಾಠ ಮಾಡುವವನಾದ್ದರಿಂದ ಕಲ್ಲಿನ ಬಗ್ಗೆ ಮಾತ್ರ ಹೇಳುತ್ತೇನೆ. ಪ್ರಶ್ನೆ ಕೇಳಿದವರು ಕೋಟೆಯ ನಡಿಗೆಯ ಅಭ್ಯಾಸವಿದೆ ಎಂದಿದ್ದಾರೆ. ಅಭ್ಯಾಸ ಉಸಿರಿಗೆ, ತೊಡೆಗೆ ಸಹಾಯಕ್ಕೆ ಬರುತ್ತದೆ, ಪಾದಕ್ಕೆ ಬರುವುದಿಲ್ಲ. ದುರ್ಗದ ಗ್ರಾನೈಟ್ ಬಂಡೆ ಉರುಟಾಗಿ ಸವೆದಿದ್ದರೂ ಅದರ ಮೈ ತರಿತರಿಯಾಗಿರುತ್ತದೆ, ಒಣಗಿದ್ದಾಗ ಸಾಧಾರಣ ಚಪ್ಪಲಿಯೂ ಅದರ ಮೇಲೆ ಹಿಡಿತ ಕೊಡುತ್ತದೆ. ನೀಲ್ ದ್ವೀಪದ ಅಂಚಿನಲ್ಲಿರುವುದು ಸತ್ತ ಹವಳ ಮತ್ತು ಸುಣ್ಣಕಲ್ಲು. ಸುಣ್ಣಕಲ್ಲು ಮಳೆನೀರಿಗೂ ಕಡಲಿನ ನೀರಿಗೂ ಸಿಕ್ಕಿ ಸಮನಾಗಿ ಸವೆಯುವುದಿಲ್ಲ, ಅಲ್ಲಲ್ಲಿ ಕರಗಿ ಗುಂಡಿಗಳಾಗುತ್ತವೆ, ಗುಂಡಿಗಳ ನಡುವಿನ ಏಣುಗಳು ಚೂಪಾಗಿ ಉಳಿದುಕೊಳ್ಳುತ್ತವೆ. ಅದರ ಮೇಲೆ ಹಸಿರು ಪಾಚಿ ಹಬ್ಬಿದರೆ ಒಂದೇ ಹೆಜ್ಜೆಯಲ್ಲಿ ಜಾರಿಕೆಯೂ ಹರಿತವೂ ಕೂಡಿಬಂದಂತೆ.

ಆದ್ದರಿಂದ ಹವಾಯಿ ಚಪ್ಪಲಿ ಖಂಡಿತ ಬೇಡ, ಬೆರಳು ತೆರೆದಿರುವ ಟ್ರೆಕ್ಕಿಂಗ್ ಸ್ಯಾಂಡಲ್ ಕೂಡ ಬೇಡ. ದಪ್ಪ ಅಟ್ಟೆಯ, ಮುಂಭಾಗ ಮುಚ್ಚಿರುವ, ನೆನೆದರೂ ಚಿಂತೆಯಿಲ್ಲದ ಹಳೆಯ ಶೂ, ಅದರೊಳಗೆ ಉದ್ದನೆಯ ಕಾಲುಚೀಲ ಇರಲಿ. ಕಲ್ಲಿನ ಸಂದುಗಳಲ್ಲಿ ಕಡಲಮುಳ್ಳಿನುಂಡೆ, ಎಂದರೆ ಮೈತುಂಬ ಚೂಪು ಮುಳ್ಳಿರುವ ಸೀ ಅರ್ಚಿನ್, ಕುಳಿತಿರುತ್ತದೆ. ಕಲ್ಲಿನಂತೆಯೇ ಕಾಣುವ ವಿಷದ ಕಲ್ಲುಮೀನು ಕೂಡ ಇಂಥ ನೀರಿನ ಜೀವಿಯೇ. ಹವಳ ತಾಗಿ ಗೀರಾದರೆ ಸಣ್ಣದೆಂದು ಬಿಡಬೇಡಿ. ಸೂಕ್ಷ್ಮ ಚೂರುಗಳು ಒಳಗೆ ಉಳಿದು ಕೀವಾಗುವುದು ಸಾಮಾನ್ಯ. ಕುಡಿಯುವ ನೀರಿನಿಂದ ಚೆನ್ನಾಗಿ ತೊಳೆದು ಪೊವಿಡೋನ್ ಅಯೋಡಿನ್ ಹಚ್ಚಿ. ಮೀನಿನ ಮುಳ್ಳು ಚುಚ್ಚಿ ತೀವ್ರ ಉರಿಯಾದರೆ, ಸುಡದಷ್ಟು ಬಿಸಿಯಾದ ನೀರಿನಲ್ಲಿ ಪಾದವನ್ನು ಅದ್ದಿಟ್ಟುಕೊಂಡು ದ್ವೀಪದ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ಕಾಲಿಡುವಾಗ ಇನ್ನೊಂದು ಎಚ್ಚರ. ಬೂದುಬಣ್ಣದ ಒಣ ಕಲ್ಲು ಅಥವಾ ಮರಳು ಕಂಡಲ್ಲಿ ಮಾತ್ರ ಹೆಜ್ಜೆ ಹಾಕಿ. ನೀರಿನಡಿಯಲ್ಲಿ ಕಂದು, ಹಸಿರು, ನೇರಳೆ ಬಣ್ಣದಲ್ಲಿ ಕಾಣುವುದು ಜೀವಂತ ಹವಳ, ಹಲವು ವರ್ಷಗಳ ಬೆಳವಣಿಗೆ ಒಂದು ತುಳಿತಕ್ಕೆ ಮುರಿದುಹೋಗುತ್ತದೆ. ಕಲ್ಲಿನ ಕೊಳಗಳ ಪಕ್ಕದಲ್ಲಿ ಅವಸರಪಡದೆ ಕುಳಿತರೆ ದೈತ್ಯಚಿಪ್ಪಿನ ಮರಿಗಳು ಕಾಣಸಿಗುತ್ತವೆ. ಕಲ್ಲಿನೊಳಗೆ ಹುದುಗಿಕೊಂಡು, ಅಲೆಅಲೆಯಾದ ನೀಲಿ ತುಟಿಯನ್ನು ಮಾತ್ರ ತೆರೆದಿಟ್ಟುಕೊಂಡಿರುತ್ತವೆ. ನಿಮ್ಮ ನೆರಳು ಮೇಲೆ ಬಿದ್ದೊಡನೆ ತುಟಿ ಒಳಸರಿದು ಚಿಪ್ಪು ಮುಚ್ಚಿಕೊಳ್ಳುತ್ತದೆ. ಸ್ವಲ್ಪ ಹಿಂದೆ ಸರಿದು ಕಾದರೆ ಮತ್ತೆ ನಿಧಾನವಾಗಿ ತೆರೆದುಕೊಳ್ಳುತ್ತದೆ.

ಸೀತಾಪುರದ ದಡದಲ್ಲಿ ಅಲೆಗಳು ಸುಣ್ಣಕಲ್ಲಿನ ಬುಡವನ್ನು ಕೊರೆದು ಮೇಲ್ಭಾಗ ಮುಂದಕ್ಕೆ ಚಾಚಿಕೊಂಡಿರುವ ಕಡೆಗಳಿವೆ. ನೆರಳು ಚೆನ್ನಾಗಿದೆ ಎಂದು ಅದರ ಕೆಳಗೆ ಬುತ್ತಿ ಬಿಚ್ಚಬೇಡಿ. ಕೊರೆತ ಇನ್ನೂ ನಡೆಯುತ್ತಿದೆ ಎಂಬುದಕ್ಕೆ ಕೆಳಗೆ ಬಿದ್ದಿರುವ ತುಂಡುಗಳೇ ಸಾಕ್ಷಿ.

ವಿಷಯಕ್ಕೆ ಸ್ವಲ್ಪ ಹೊರಗಾದರೂ ಹೇಳದಿರಲಾರೆ. ಕಡಲಿನ ಕಲ್ಲು ನೋಡಲು ಅಷ್ಟು ದೂರ ಹೋಗುವ ಮೊದಲು ನಮ್ಮ ಜಿಲ್ಲೆಯ ಮರಡಿಹಳ್ಳಿಗೆ ಒಮ್ಮೆ ಬನ್ನಿ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿ, ತಣ್ಣೀರು ತಾಗಿದೊಡನೆ ದಿಂಬುದಿಂಬಾಗಿ ಗಟ್ಟಿಯಾದ ಲಾವಾ ಅಲ್ಲಿದೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಬೇಕಾದಷ್ಟು ಹೊತ್ತು ನೋಡಬಹುದು, ಉಬ್ಬರದ ಭಯವಿಲ್ಲ.


ವಿದ್ಯಾನಗರದ ನಡಿಗೆ, ದಾವಣಗೆರೆ

ಎಲ್ಲರಿಗೂ ಧನ್ಯವಾದಗಳು. ಪೂರ್ತಿ ಸುತ್ತುವ ಯೋಜನೆಯನ್ನು ಕೈಬಿಟ್ಟಿದ್ದೇನೆ. ತುಪ್ಪದ ಕೊಳದವರ ಮಾತೂ ಒಪ್ಪಿಗೆಯಾಗಿದೆ, ಹವಳದ ಹಾಸಿನ ಮೇಲೆ ಮಾರ್ಗದರ್ಶಕರೊಂದಿಗೇ ಹೋಗುತ್ತೇನೆ. ಈಗ ಎರಡು ಸಂದೇಹ ಉಳಿದಿವೆ. ಸೀತಾಪುರದ ಸೂರ್ಯೋದಯ, ಲಕ್ಷ್ಮಣಪುರದ ಕಲ್ಲಿನ ಕಮಾನು, ಅಲ್ಲಿಯ ಸೂರ್ಯಾಸ್ತ, ಈ ಮೂರನ್ನೂ ಒಂದೇ ದಿನದಲ್ಲಿ ಹೊಂದಿಸಬಹುದೇ? ಬುತ್ತಿಗೆ ಏನು ಒಯ್ಯಬೇಕು, ನೀರು ಎಷ್ಟು ಬೇಕು? ನಮ್ಮ ಊರಿನವರಾದ್ದರಿಂದ ಖಾರಾ ಮಂಡಕ್ಕಿ ಇದ್ದರೆ ಸಾಕೆಂದುಕೊಂಡಿದ್ದೇನೆ.


ಬಾತಿ ಕೆರೆ, ದಾವಣಗೆರೆ

ಮೂರನ್ನೂ ಹೊಂದಿಸಬಹುದು, ಏಕೆಂದರೆ ಇವುಗಳಲ್ಲಿ ನೀರಿನ ಹಂಗಿರುವುದು ಕಲ್ಲಿನ ಕಮಾನಿಗೆ ಮಾತ್ರ. ಅದರ ಸಮಯವನ್ನು ಮೊದಲು ಗೊತ್ತುಮಾಡಿಕೊಂಡು ಉಳಿದುದನ್ನು ಅದರ ಸುತ್ತ ಜೋಡಿಸಿ. ಇಳಿತ ಮಧ್ಯಾಹ್ನದ ಮೇಲಿದ್ದರೆ ಕೆಲಸ ಸುಲಭ. ಹಿಂದಿನ ರಾತ್ರಿಯೇ ಆಟೋದವರಿಗೆ ಹೇಳಿಟ್ಟು, ಬೆಳಿಗ್ಗೆ ಐದು ಕಾಲಿಗೆ ಹೊರಟು ಸೀತಾಪುರ ಸೇರಿ, ಸೂರ್ಯೋದಯವಾದ ಮೇಲೆ ಅಲ್ಲಿಯ ದಡದಲ್ಲಿ ಅಡ್ಡಾಡಿ, ಒಳರಸ್ತೆಯಲ್ಲಿ ನಡೆದುಕೊಂಡೇ ನೀಲ್ ಕೇಂದ್ರ ಎಂಬ ಊರಿನ ಮಾರುಕಟ್ಟೆಗೆ ಬನ್ನಿ. ಬಿಸಿಲು ಏರಿದ ಹೊತ್ತಿನಲ್ಲಿ ಅಲ್ಲಿಯೇ ಊಟ ಮಾಡಿ ವಿಶ್ರಮಿಸಿ, ಆಮೇಲೆ ಕಮಾನು, ಕೊನೆಗೆ ಲಕ್ಷ್ಮಣಪುರದ ಮರಳುದಡ. ಇಳಿತ ಬೆಳಿಗ್ಗೆಯೇ ಇದ್ದರೆ ಕ್ರಮವನ್ನು ಬದಲಿಸಿ: ಸೂರ್ಯೋದಯ ಮುಗಿದ ಕೂಡಲೇ ಆಟೋದಲ್ಲಿ ಕಮಾನಿಗೆ ಹೋಗಿ, ರಸ್ತೆಯ ನಡಿಗೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಇಳಿತ ಸೂರ್ಯಾಸ್ತದ ಹೊತ್ತಿಗೇ ಬಿದ್ದರೆ ನೀರು ಪೂರ್ತಿ ಇಳಿಯುವವರೆಗೆ ಕಾಯದೆ ಬೆಳಕಿರುವಾಗಲೇ ಕಮಾನು ನೋಡಿ ಬಂದುಬಿಡಿ. ಕತ್ತಲಲ್ಲಿ ಹವಳದ ಕಲ್ಲು ದಾಟುವುದು ಮಾರ್ಗದರ್ಶಕರಿದ್ದರೂ ಬೇಡ.

ಮಂಡಕ್ಕಿಯ ವಿಷಯದಲ್ಲಿ ನಿಮ್ಮ ಮನಸ್ಸು ನೋಯಿಸಬೇಕಾಗಿದೆ. ಕಡಲಗಾಳಿಯ ತೇವಕ್ಕೆ ಡಬ್ಬಿಯ ಮುಚ್ಚಳ ತೆಗೆದ ಸ್ವಲ್ಪ ಹೊತ್ತಿಗೆ ಅದು ಮೆತ್ತಗಾಗಿ ಹಲ್ಲಿಗೆ ಅಂಟತೊಡಗುತ್ತದೆ. ಶೇಂಗಾ ಉಂಡೆ, ಖರ್ಜೂರ, ಬಾಳೆಹಣ್ಣು ಒಳ್ಳೆಯವು. ನೀರು ಮೂರು ಲೀಟರ್ ಇರಲಿ, ಅದರಲ್ಲಿ ಒಂದು ಲೀಟರಿಗೆ ಓಆರ್‌ಎಸ್ ಬೆರೆಸಿಕೊಳ್ಳಿ. ಅಲ್ಲಿಯ ಉಷ್ಣಾಂಶ ಮೂವತ್ತರ ಆಸುಪಾಸಿನಲ್ಲಿರುತ್ತದೆ, ಏಪ್ರಿಲ್‌ನ ದಾವಣಗೆರೆಯನ್ನು ಕಂಡವರಿಗೆ ಅದು ಲೆಕ್ಕಕ್ಕೇ ಇಲ್ಲ ಎನ್ನಿಸುತ್ತದೆ. ಆದರೆ ನಮ್ಮ ಒಣಬಿಸಿಲಿನಲ್ಲಿ ಬೆವರು ಆರಿ ಮೈ ತಂಪಾಗುತ್ತದೆ, ಅಲ್ಲಿಯ ತೇವದಲ್ಲಿ ಬೆವರು ಆರದೆ ಸುಮ್ಮನೆ ಇಳಿಯುತ್ತಲೇ ಇರುತ್ತದೆ. ಬಾಯಾರಿಕೆಯಾಗುವ ಮೊದಲೇ ಕುಡಿಯುತ್ತಿರಬೇಕು. ಮರಳಿನ ನೊಣಗಳ ಕಡಿತ ವಾರಗಟ್ಟಲೆ ತುರಿಸುತ್ತದೆ, ಉದ್ದ ತೋಳಿನ ಅಂಗಿ, ಪೂರ್ತಿ ಕಾಲು ಮುಚ್ಚುವ ಉಡುಪು ಹಾಕಿಕೊಳ್ಳಿ.

ಎಲ್ಲ ಕಡೆ ಮೊಬೈಲ್ ಸಿಗ್ನಲ್ ಸಿಗುತ್ತದೆಂದು ನೆಚ್ಚಬೇಡಿ. ಯಾವ ದಡದಲ್ಲಿ ಎಷ್ಟು ಹೊತ್ತಿಗೆ ಇರುತ್ತೀರಿ, ಎಷ್ಟು ಗಂಟೆಯಾದರೂ ಬಾರದಿದ್ದರೆ ಹುಡುಕಲು ಹೊರಡಬೇಕು ಎಂಬುದನ್ನು ಕಾಗದದ ಮೇಲೆ ಬರೆದು ನಿಮ್ಮ ಮನೆಯವರ ಕೈಗೆ ಕೊಡಿ, ಹೋಟೆಲಿನ ಕೌಂಟರಿನಲ್ಲೂ ಒಂದು ಪ್ರತಿ ಇರಲಿ. ತುರ್ತು ಕರೆಗೆ 112.

ಅಪರೂಪದ ಮಾತಾದರೂ ಗೊತ್ತಿರಬೇಕಾದದ್ದು ಇನ್ನೊಂದಿದೆ. 2004ರ ಡಿಸೆಂಬರ್ 26ರ ಸುನಾಮಿಯನ್ನು ಆ ದ್ವೀಪಗಳು ಅನುಭವಿಸಿವೆ. ನೆಲ ದೀರ್ಘಕಾಲ ನಡುಗಿದರೆ, ಅಥವಾ ನಿಮ್ಮ ಚೀಟಿಯಲ್ಲಿ ಬರೆದಿರದ ಹೊತ್ತಿನಲ್ಲಿ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಅದನ್ನು ಇಳಿತವೆಂದು ತಿಳಿದು ನೋಡುತ್ತ ನಿಲ್ಲದೆ ತಕ್ಷಣ ಎತ್ತರದ ಜಾಗಕ್ಕೆ ಹೋಗಿ.


ತುಪ್ಪದ ಕೊಳ, ಚಿತ್ರದುರ್ಗ

ನನ್ನದು ಎರಡೇ ಮಾತು ಬಾಕಿ. ದಡದಲ್ಲಿ ಬಿದ್ದಿರುವ ಹವಳದ ತುಂಡನ್ನಾಗಲಿ ಚಿಪ್ಪನ್ನಾಗಲಿ ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳಬೇಡಿ. ಹವಳಗಳಿಗೂ ಹಲವು ಬಗೆಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಸತ್ತ ತುಂಡಿಗೂ ಅದು ಅನ್ವಯಿಸುತ್ತದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುವವರು ಬಹಳ. ಮಗನಿಗೂ ಮೊದಲೇ ಹೇಳಿಡಿ.

ಇನ್ನೊಂದು, ಹಡಗಿನದು. ಗಾಳಿ ಜೋರಾದರೆ ದ್ವೀಪಗಳ ನಡುವಿನ ಫೆರ್ರಿಗಳನ್ನು ನಿಲ್ಲಿಸುತ್ತಾರೆ. ಜನವರಿ ಸಾಮಾನ್ಯವಾಗಿ ಶಾಂತವಾದ ತಿಂಗಳೇ. ಆದರೂ ಶಹೀದ್ ದ್ವೀಪದಿಂದ ಬಂದ ದಿನವೇ ಬೆಂಗಳೂರಿನ ವಿಮಾನ ಹಿಡಿಯುವ ಯೋಜನೆ ಬೇಡ. ಈಗ ಶ್ರೀ ವಿಜಯಪುರಂ ಎಂದು ಕರೆಯುವ ಪೋರ್ಟ್ ಬ್ಲೇರ್‌ನಲ್ಲಿ ಕೊನೆಯ ರಾತ್ರಿ ತಂಗುವಂತೆ ಟಿಕೆಟ್ ಮಾಡಿಸಿಕೊಳ್ಳಿ. ಸೆಲ್ಯುಲರ್ ಜೈಲು ನೋಡುವುದನ್ನು ಆ ದಿನಕ್ಕೆ ಇಟ್ಟುಕೊಂಡರೆ ಸಮಯವೂ ವ್ಯರ್ಥವಾಗುವುದಿಲ್ಲ. ಆದರೆ ಅದು ಆ ದಿನ ತೆರೆದಿರುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.